ಬೇಸಿಗೆ ದಾಟಿಸಿದ ಆಫ್ರಿಕನ್ ಡೈಸಿ: ನನ್ನ ಅನುಭವ

ನನ್ನ ತಾರಸಿಯಲ್ಲಿ ಈಗ ಹೂ ಬಿಟ್ಟಿರುವ ಆಫ್ರಿಕನ್ ಡೈಸಿಗಳಲ್ಲಿ ಹೆಚ್ಚಿನವು ಎರಡು ಮೂರು ಬೇಸಿಗೆ ಕಂಡ ಗಿಡಗಳು, ಇಲ್ಲವೇ ಅವುಗಳದೇ ಕಟಿಂಗ್‌ನಿಂದ (ಕತ್ತರಿಸಿ ನೆಟ್ಟು ಬೇರು ಬಿಡಿಸಿದ ಕುಡಿಯಿಂದ) ಎದ್ದ ಮರಿಗಳು. ಇದನ್ನು ಹೇಳಿದರೆ ಗಿಡ ಬೆಳೆಸುವ ಗೆಳೆಯರೇ ನಂಬುತ್ತಿರಲಿಲ್ಲ. "ಅದು ಒಂದು ಸೀಸನ್ನಿನ ಗಿಡ ಕಣ್ರೀ, ಹೂ ನೋಡಿ ಎಸೆಯೋದೇ" ಅನ್ನುವವರೇ ಎಲ್ಲ. ನರ್ಸರಿಯವರಂತೂ ನಕ್ಕುಬಿಟ್ಟರು. ವರ್ಷವರ್ಷವೂ ಬಂದು ಕೊಳ್ಳುವ ಗಿರಾಕಿ ಕೈತಪ್ಪುವ ಮಾತು ಅವರಿಗೆ ಹೇಗೆ ರುಚಿಸೀತು! ಈಗ ಅದೇ ಗೆಳೆಯರು ಬ್ಯಾಗು ಹಿಡಿದು ಕಟಿಂಗ್ ಕೇಳಿಕೊಂಡು ಬರುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂತು. ಅಂದಹಾಗೆ, ನಾನು ಹೇಳುತ್ತಿರುವುದು ಆಸ್ಟಿಯೋಸ್ಪರ್ಮಮ್ ಬಗ್ಗೆ. ಜರ್ಬೆರಾ, ಗಜಾನಿಯಾಗಳನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ, ಅವುಗಳ ಆರೈಕೆ ಬೇರೆ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡುತ್ತೇನೆ. ಶುರುವಿನ ಕೆಲವು ವರ್ಷ ನಾನೂ ಹೂ ಬಿಟ್ಟ ಕುಂಡಗಳನ್ನೇ ತರುತ್ತಿದ್ದೆ. ಅಂಗೈಯಗಲದ ಕುಂಡ, ಗುಂಡಗೆ ಕೂತ ಗಿಡ, ಮೈತುಂಬ ಹೂ. ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಉದ್ದುದ್ದ ಟೊಂಗೆ ಚಾಚಿ ಕುಂಡವೇ ಮಗುಚಿಕೊಳ್ಳುತ್ತಿತ್ತು. ಹಸಿರುಮನೆಗಳಲ್ಲಿ ಗಿಡ ಕುಳ್ಳಗಿರಲಿ ಎಂದು ಬೆಳವಣಿಗೆ ತಡೆಯುವ ಔಷಧ ಹೊಡೆಯುವುದುಂಟು. ಅದರ ಜೋರು ಇಳಿದ ಮೇಲೆ ಗಿಡ ತನ್ನ ಸಹಜ ಎತ್ತರಕ್ಕೆ ಹೊರಡುತ್ತದೆ. ಅಂದರೆ ನಾವು ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಆ ಗುಂಡನೆಯ ಆಕಾರಕ್ಕೆ ಹೋಯಿತು ಅಂತಲೇ ನನ್ನ ಲೆಕ್ಕ. ಹತ್ತು ಕುಂಡ ತಂದರೆ ಬೇಸಿಗೆ ದಾಟುತ್ತಿದ್ದುದು ಒಂದೋ ಎರಡೋ. ಈಗ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಮಣ್ಣು ಸಡಿಲವಾಗಿಡುವ ಹಗುರ ಬಿಳಿ ಕಾಳು), ಗೊಬ್ಬರ ಎಲ್ಲ ಸೇರಿಸಿದರೂ ವರ್ಷದ ಖರ್ಚು ಅಂಥ ಎರಡು ಮೂರು ಕುಂಡದ ಬೆಲೆ ದಾಟುವುದಿಲ್ಲ. ಅದರಲ್ಲೇ ಮೂವತ್ತು ಚಿಲ್ಲರೆ ಕುಂಡ ನಡೆಯುತ್ತಿವೆ. ಹೊಸ ಗಿಡ ಕೊಳ್ಳುವುದು ಹೊಸ ಬಣ್ಣ ಬೇಕಾದಾಗ ಮಾತ್ರ, ಅದೂ ಹೂ ಉದುರಿ, ಟೊಂಗೆ ಜೋತು, ಯಾರೂ ಮುಟ್ಟದೆ ಮೂಲೆಯಲ್ಲಿ ಕೂತಿರುವುದನ್ನೇ ಆರಿಸುತ್ತೇನೆ. ಬೆಲೆ ಅರ್ಧಕ್ಕಿಳಿದಿರುತ್ತದೆ, ಕಟಿಂಗ್‌ಗೆ ಬೇಕಾದ ಕುಡಿಗಳೋ ದುಪ್ಪಟ್ಟು.

ಈಗ ಬೇಸಿಗೆಗೆ ಬರೋಣ. ಈ ಗಿಡದ ತವರು ದಕ್ಷಿಣ ಆಫ್ರಿಕಾ ಎಂದ ಕೂಡಲೇ ಬೆಂಕಿಯಂಥ ಬಿಸಿಲೂ ಇದಕ್ಕೆ ಲೆಕ್ಕಕ್ಕಿಲ್ಲ ಎಂದುಕೊಳ್ಳುತ್ತಾರೆ. ಬಿಸಿಲು ಬೇಕೇ ಬೇಕು, ಆರು ತಾಸಿಗೆ ಕಡಿಮೆಯಾದರೆ ಹೂವಿನ ಆಸೆ ಬಿಡಬೇಕು. ಆದರೆ ಮೊಗ್ಗು ಕಟ್ಟಿಸುವುದು ತಂಪು ರಾತ್ರಿ. ರಾತ್ರಿಯ ಸೆಖೆ ಏರಿದಂತೆಲ್ಲ ಗಿಡ ಮೊಗ್ಗು ನಿಲ್ಲಿಸಿ ಬರೀ ಎಲೆ ಹೊತ್ತು ಸುಮ್ಮನೆ ಕೂರುತ್ತದೆ. ಎಡವಟ್ಟಾಗುವುದು ಇಲ್ಲೇ. ಹೂ ನಿಂತಿತು, ಕೆಳಗಿನ ಎಲೆ ಹಳದಿಯಾಯಿತು ಅಂದ ಕೂಡಲೇ ನೀರು ಜಾಸ್ತಿ, ಗೊಬ್ಬರ ಜಾಸ್ತಿ. ಮಲಗಿದ ಗಿಡಕ್ಕೆ ಆ ನೀರು ಬೇಡ. ಬೇರು ಕೊಳೆಯುತ್ತದೆ, ಗಿಡ ಇನ್ನಷ್ಟು ಬಾಡುತ್ತದೆ, ಬಾಡಿದ್ದು ಕಂಡು ಮತ್ತೊಂದು ಚೊಂಬು ನೀರು. ನನ್ನಲ್ಲಿ ಸತ್ತ ಗಿಡಗಳನ್ನು ಕುಂಡದಿಂದ ಕೆಡವಿ ನೋಡಿದಾಗೆಲ್ಲ ಒಂದೇ ದೃಶ್ಯ: ಬೇರು ಕಂದು ಬಣ್ಣಕ್ಕೆ ತಿರುಗಿ, ಎರಡು ಬೆರಳಲ್ಲಿ ಎಳೆದರೆ ಹೊರಸಿಪ್ಪೆ ಜಾರಿ ಬಂದು ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಒಣಗಿ ಸತ್ತ ಗಿಡ ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಹಾಗಾಗಿ ನಾನು ಮಾಡುವುದು ಇಷ್ಟು. ರಾತ್ರಿಯ ತಂಪು ಹೋಗುವ ಸೂಚನೆ ಸಿಕ್ಕಾಗ, ಇನ್ನೂ ಒಂದಷ್ಟು ಹೂ ಇರುವಾಗಲೇ, ಗಿಡವನ್ನು ಅರ್ಧಕ್ಕಿಂತ ತುಸು ಕೆಳಕ್ಕೆ ಕತ್ತರಿಸುತ್ತೇನೆ. ಹೂವಿರುವ ಗಿಡಕ್ಕೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ, ಆದರೆ ಹೂ ಪೂರ್ತಿ ನಿಲ್ಲುವವರೆಗೆ ಕಾದರೆ ಮತ್ತೆ ಚಿಗುರುವ ಕಸುವು ಅದರಲ್ಲಿ ಇರುವುದಿಲ್ಲ. ಎಲೆಯೇ ಇಲ್ಲದ ಬೋಳು ಕಟ್ಟಿಗೆವರೆಗೂ ಇಳಿಯಬಾರದು. ಒಂದೊಂದು ಟೊಂಗೆಯಲ್ಲೂ ನಾಲ್ಕಾರು ಹಸಿರೆಲೆ ಉಳಿಯಲೇಬೇಕು, ಬೋಳು ಕಾಂಡ ಚಿಗುರುತ್ತದೆ ಅನ್ನುವ ಭರವಸೆ ಇಲ್ಲ. ಕತ್ತರಿಸಿದ ಮೇಲೆ ಗೊಬ್ಬರ ಪೂರ್ತಿ ಬಂದ್. ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆಗೆ ಕುಂಡ ವರ್ಗ. ನೀರಿನ ವಿಷಯದಲ್ಲಿ ಮೇಲ್ಮಣ್ಣು ಮುಟ್ಟಿ ನೋಡುವುದನ್ನು ನಾನು ನಂಬುವುದಿಲ್ಲ. ಕುಂಡ ಎತ್ತಿ ನೋಡಿ, ಹಗುರ ಅನಿಸಿದರೆ ಮಾತ್ರ ಹಾಕುತ್ತೇನೆ.

ಇನ್ನೊಂದು ಶತ್ರು ತಾರಸಿಯ ನೆಲ. ಕಾದ ಕಾಂಕ್ರೀಟಿನ ಮೇಲೆ ಕೂತ ಪ್ಲಾಸ್ಟಿಕ್ ಕುಂಡದೊಳಗೆ ಬೇರು ಬೆಂದೇ ಹೋಗುತ್ತದೆ. ಶೇಡ್ ನೆಟ್‌ಗೆ ದುಡ್ಡು ಸುರಿದೆ, ಎಲೆ ತಂಪಾಯಿತೇ ಹೊರತು ಬೇರು ತಂಪಾಗಲಿಲ್ಲ, ಆ ವರ್ಷವೂ ಮುಕ್ಕಾಲು ಗಿಡ ಹೋದವು. ಕೊನೆಗೆ ಕೆಲಸಕ್ಕೆ ಬಂದದ್ದು ಬಿಟ್ಟಿ ಉಪಾಯ: ಗಿಡದ ಕುಂಡವನ್ನು ಇನ್ನೊಂದು ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ಮರಳು ತುಂಬಿ, ಎರಡು ಇಟ್ಟಿಗೆಯ ಮೇಲೆ ಇಡುವುದು. ತಂಪಿಗೆಂದು ನೀರು ಹಾಕುವುದು ಮರಳಿಗೆ, ಗಿಡಕ್ಕಲ್ಲ. ಹೊರಗಿನ ಮಣ್ಣಿನ ಕುಂಡ ಬೆವರಿ ಒಳಗೆಲ್ಲ ತಂಪಾಗುತ್ತದೆ. ಇದಾದ ಮೇಲೆ ಹತ್ತರಲ್ಲಿ ಏಳೆಂಟು ಗಿಡ ಬೇಸಿಗೆ ದಾಟುತ್ತಿವೆ. ಮರಳಿಗೆ ನಾನು ಇನ್ನೊಂದು ಸಾಮಾನು ಬೆರೆಸುತ್ತೇನೆ, ಅದನ್ನು ಇನ್ನೆರಡು ಬೇಸಿಗೆ ನೋಡದೆ ಬಾಯಿಬಿಡುವುದಿಲ್ಲ.

ಹಾಗಂತ ತಾಯಿ ಗಿಡವನ್ನೇ ನಂಬಿ ಕೂರುವವನೂ ನಾನಲ್ಲ. ಕತ್ತರಿಸಿದ ತುಂಡುಗಳೆಲ್ಲ ಕಟಿಂಗ್‌ಗೆ ಹೋಗುತ್ತವೆ. ಮೊಗ್ಗಿಲ್ಲದ ಕುಡಿ ಬೇಕು, ಉದ್ದ ಎರಡೂವರೆ ಮೂರು ಇಂಚು ಸಾಕು. ಬಗ್ಗಿಸಿದರೆ ಬಗ್ಗಬೇಕು, ಲಟಕ್ಕೆಂದು ಮುರಿಯುವಷ್ಟು ಎಳಸೂ ಬೇಡ, ಕಂದು ಗೆರೆ ಬಂದು ಕಟ್ಟಿಗೆಯಾದದ್ದೂ ಬೇಡ. ಗೆಣ್ಣಿನ ಕೆಳಗೆ ಬ್ಲೇಡಿನಿಂದ ಕೊಯ್ದು, ಕೆಳಗಿನ ಎಲೆ ಕಿತ್ತಾಗ ಕೈಗೆ ಒಂದು ಅಂಟು, ಖಾರದ ಘಾಟು ಹತ್ತುತ್ತದೆ. ಕುಡಿ ತಾಜಾ ಇದೆ ಅನ್ನುವುದಕ್ಕೆ ನನಗೆ ಅದೇ ಗುರುತು. ರೂಟಿಂಗ್ ಹಾರ್ಮೋನ್ ಪುಡಿ ಹಚ್ಚಿ ನೋಡಿದ್ದೇನೆ, ಹಚ್ಚದೆಯೂ ನೋಡಿದ್ದೇನೆ, ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ದುಡ್ಡು ಉಳಿಸಿ ಪರ್ಲೈಟ್‌ಗೆ ಹಾಕಿ. ಅರ್ಧ ಕೊಕೊಪೀಟ್, ಅರ್ಧ ಪರ್ಲೈಟ್, ನೆರಳು ಬೆಳಕಿನ ಜಾಗ, ಮೂರು ವಾರದ ಆಸುಪಾಸಿನಲ್ಲಿ ಬೇರು. ಬೇರು ಬಿಟ್ಟ ಕುಡಿ ಮೇಲಕ್ಕೆ ನೆಗೆಯತೊಡಗಿದ ಕೂಡಲೇ ತುದಿ ಚಿವುಟಬೇಕು, ಪಕ್ಕದ ಟೊಂಗೆ ಬಂದ ಮೇಲೆ ಅವುಗಳ ತುದಿಯನ್ನೂ ಒಮ್ಮೆ. ಔಷಧಿಯಿಲ್ಲದೆ ಗುಂಡಗಾಗುವುದು ಹೀಗೆ.

ಮಣ್ಣು ಸುಲಭ: ನೀರು ನಿಲ್ಲಬಾರದು, ತುಸು ಹುಳಿ ಕಡೆಗಿರಬೇಕು. ಪೊಟ್ಯಾಶ್ ಸಿಗಲಿ ಎಂದು ಒಂದು ಸಾಲಿಗೆ ಒಲೆಯ ಬೂದಿ ಹಾಕಿ ನೋಡಿದೆ. ಹೊಸ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾದವು. ಬೂದಿಯ ಕ್ಷಾರಕ್ಕೆ ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಕಬ್ಬಿಣದ ಚೀಲೇಟ್ (ಬೇರಿಗೆ ದಕ್ಕುವ ರೂಪದ ಕಬ್ಬಿಣ) ಕೊಂಡು ತಂದು ಸರಿಮಾಡುವಷ್ಟರಲ್ಲಿ ಬಿಟ್ಟಿ ಬೂದಿ ದುಬಾರಿ ಬಿತ್ತು. ಹೂ ಬಿಡುವ ಕಾಲದಲ್ಲಿ ಇದಕ್ಕೆ ಹಸಿವು ಜಾಸ್ತಿ, ಹತ್ತು ಹನ್ನೆರಡು ದಿನಕ್ಕೊಮ್ಮೆ ಪೊಟ್ಯಾಶ್ ಹೆಚ್ಚಿರುವ ನೀರ್ಗೊಬ್ಬರ ತೆಳುವಾಗಿ ಕೊಡುತ್ತೇನೆ. ಸಾರಜನಕ ಮಿತಿಮೀರಿದರೆ ಸೊಪ್ಪು ಮಾರಬಹುದು, ಹೂ ಸಿಗದು.

ನಡುವೆ ಒಂದಷ್ಟು ಹುಚ್ಚಾಟವೂ ನಡೆಯಿತು. ತಂಪು ರಾತ್ರಿಯೇ ಮೊಗ್ಗಿನ ಕೀಲಿಕೈ ಆದರೆ ಫ್ರಿಜ್ ಇದೆಯಲ್ಲ ಎಂದು ಒಂದು ಪುಟ್ಟ ಕುಂಡವನ್ನು ರಾತ್ರಿ ತರಕಾರಿ ಪಕ್ಕ, ಹಗಲು ಬಿಸಿಲಿಗೆ ಇಡತೊಡಗಿದೆ. ಹಸಿರುಮನೆಯವರು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಂಪನ್ನು ಕೆಲವು ವಾರ ಕೊಟ್ಟು ಮೊಗ್ಗು ಹಿಡಿಸುತ್ತಾರೆ, ನನ್ನ ಲೆಕ್ಕಾಚಾರವೂ ಅದೇ. ಎರಡು ವಾರಕ್ಕೆ ಮನೆಯವರು ಕುಂಡವನ್ನೂ ನನ್ನನ್ನೂ ಹೊರಹಾಕುವ ಮಾತಾಡಿದರು. ಮುಂದೆ ಅದೇ ಗಿಡ ಉಳಿದವಕ್ಕಿಂತ ಒಂದು ವಾರ ಮೊದಲೇ ಮೊಗ್ಗು ತಂದಿತು ಅನ್ನಿ, ಆದರೆ ಒಂದು ಕುಂಡ ನೋಡಿ ಏನು ಹೇಳುವುದು.

ಬೀಜದ ಕಥೆಯೂ ಅಷ್ಟೇ. ಈ ಹೂವಿನಲ್ಲಿ ಬೀಜ ಕಟ್ಟುವುದು ಸುತ್ತಲಿನ ಎಸಳುಗಳ ಬುಡದಲ್ಲಿ ಮಾತ್ರ, ನಡುವಿನ ನೀಲಿ ಬಟ್ಟಲು ಬಂಜೆ. ಒಣಗಿದ ಹೂವಿನ ಅಂಚಿನಲ್ಲಿ ಕಂದು ಬಣ್ಣದ, ಮೂಲೆಮೂಲೆಯಾದ ಗಟ್ಟಿ ಬೀಜಗಳು ಉಂಗುರದಂತೆ ಕೂತಿರುತ್ತವೆ. ನಾಲ್ಕು ಬಣ್ಣದ ಹೈಬ್ರಿಡ್‌ಗಳಿಂದ ಆರಿಸಿ ಬಿತ್ತಿದೆ. ಕೆಲವು ಗಿಡ ಬೀಜವನ್ನೇ ಕೊಡಲಿಲ್ಲ, ಕೊಟ್ಟವುಗಳಲ್ಲಿ ಸುಮಾರು ಅರ್ಧ ಮೊಳೆತವು. ಹೂ ಬಂದಾಗ ಒಂದೂ ತಾಯಿಯ ಹಾಗಿಲ್ಲ, ಹೆಚ್ಚಿನವು ಕೊಳೆ ಹತ್ತಿದಂಥ ಬಿಳಿ. ಒಂದು ಮಾತ್ರ ಮೇಲೆ ಅಚ್ಚಬಿಳಿ, ಎಸಳಿನ ಬೆನ್ನು ನೇರಳೆ. ಸಂಜೆ ಎಸಳು ಮಡಚಿಕೊಂಡಾಗ ಬೇರೆಯೇ ಗಿಡ ಅನಿಸುತ್ತದೆ. ಅದನ್ನು ಕಟಿಂಗ್‌ನಿಂದ ಹೆಚ್ಚಿಸಿಕೊಂಡಿದ್ದೇನೆ, ಯಾರು ಕೇಳಿದರೂ ಸದ್ಯಕ್ಕೆ ಕೊಡುತ್ತಿಲ್ಲ.

ಸಸ್ಯಹೇನು ಬಂದೇ ಬರುತ್ತದೆ, ಮೊಗ್ಗಿನ ಕುತ್ತಿಗೆಯಲ್ಲಿ ಸಾಲಾಗಿ ಕೂರುತ್ತದೆ. ನೀರಿನ ಪೈಪಿನ ಜೋರು ಧಾರೆ, ಅದಕ್ಕೂ ಬಗ್ಗದಿದ್ದರೆ ಸಂಜೆ ಹೊತ್ತು ಬೇವಿನ ಎಣ್ಣೆ. ಬಾಡಿದ ಹೂವನ್ನು ತೊಟ್ಟು ಬಿಟ್ಟು ತಲೆ ಮಾತ್ರ ಚಿವುಟುವ ಅಭ್ಯಾಸ ಹಲವರಿಗಿದೆ, ಉದ್ದ ತೊಟ್ಟಿನ ಬುಡಕ್ಕೇ ಹೋಗಿ ಮೊದಲ ಎಲೆಯ ಮೇಲೆ ಕತ್ತರಿಸಿ. ಈ ಸಲ ಚಮಚದಂತೆ ಎಸಳು ಮಡಚಿರುವ ಬಗೆಯ ಒಂದು ಕುಂಡ ಕೈಸೇರಿದೆ. ಸೆಖೆ ಏರಿದಾಗ ಅದರ ಎಸಳು ಮಾಮೂಲಿಯಂತೆ ಚಪ್ಪಟೆಯಾಗಿಬಿಟ್ಟಿತ್ತು, ತಂಪು ಬಂದ ಮೇಲೆ ಬಿಟ್ಟ ಹೂಗಳಲ್ಲಿ ಒಂದೆರಡಕ್ಕೆ ಮತ್ತೆ ಚಮಚ ಮೂಡಿದೆ. ಅದರ ಕಟಿಂಗ್ ಆರು ಹಾಕಿದ್ದೆ, ನಾಲ್ಕು ಹಿಡಿದಿವೆ.