ಯುದ್ಧಕಾಲದ ಸಿಎಂಪಿ ಲಾರಿ: ಗುರುತು ಹಿಡಿಯೋದು, ರಿಪೇರಿ ಮಾಡೋದು

ಎರಡನೇ ಮಹಾಯುದ್ಧದ ಮಿಲಿಟರಿ ಲಾರಿ ಅಂತ ಯಾರಾದರೂ ತೋರಿಸಿದರೆ ಮೊದಲು ಅದರ ಮೂತಿ ನೋಡಿ. ಗೋಡೆಗೆ ಗುದ್ದಿದ ಹಾಗೆ ಮೊಂಡು ಮೂತಿ, ಬಲಗಡೆ ಸ್ಟೀರಿಂಗ್, ಎರಡು ಚಪ್ಪಟೆ ಗಾಜು, ಮುಂದೆ ಜಾಲರಿ. ಇಷ್ಟಿದ್ದರೆ ಅದು ಬಹುಪಾಲು ಸಿಎಂಪಿ, ಅಂದರೆ ಕೆನೇಡಿಯನ್ ಮಿಲಿಟರಿ ಪ್ಯಾಟರ್ನ್ ಲಾರಿ. ಯುದ್ಧದ ವರ್ಷಗಳಲ್ಲಿ ಕೆನಡಾ 8 ಲಕ್ಷಕ್ಕೂ ಜಾಸ್ತಿ ಮಿಲಿಟರಿ ವಾಹನ ಮಾಡಿತು, ಅದರಲ್ಲಿ ದೊಡ್ಡ ಪಾಲು ಇವೇ. ಷೆವರ್ಲೆ ಒಶಾವಾದಲ್ಲಿ, ಫೋರ್ಡ್ ವಿಂಡ್ಸರ್‌ನಲ್ಲಿ ತಯಾರಾಗುತ್ತಿತ್ತು. ಬ್ರಿಟಿಷ್ ಸೇನೆ, ಭಾರತೀಯ ಸೇನೆ ಎರಡೂ ಇದನ್ನು ಓಡಿಸಿವೆ.

ಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ನಲ್ಲಿ, ಅಂದರೆ ಸೇನೆ ಬೇಡವೆಂದು ಮಾರಿದಾಗ, ಹೋದವು ನಮ್ಮ ದಕ್ಷಿಣದ ಕಾಡುಗಳಲ್ಲಿ ವರ್ಷಗಟ್ಟಲೆ ದಿಮ್ಮಿ ಎಳೆದಿವೆ. ಅದಕ್ಕೇ ಈಗ ಸಿಗೋ ಗಾಡಿ ಪೂರ್ತಿ ಒಂದೇ ಗಾಡಿ ಆಗಿರೋದು ಅಪರೂಪ. ಚಾಸಿಸ್ ಒಂದರದ್ದು, ಕ್ಯಾಬಿನ್ ಇನ್ನೊಂದರದ್ದು, ಇಂಜಿನ್ ಯಾವುದೋ ಗುಜರಿಯದ್ದು. ಸ್ಪ್ಯಾನರ್ ಹಿಡಿಯೋ ಮೊದಲು ಇದನ್ನೆಲ್ಲ ಓದಿಕೊಳ್ಳಬೇಕು. ಬಿಚ್ಚಿದ ಮೇಲೆ ಅರ್ಧ ಸಾಕ್ಷಿ ಹೋಗಿರುತ್ತದೆ.

ಕ್ಯಾಬಿನ್‌ನಿಂದ ಶುರು ಮಾಡಿ. ಮೂರು ಬಗೆ ಇವೆ: 11, 12, 13. ಜಾಲರಿ ಬಾನೆಟ್ ಜೊತೆಗೇ ಮೇಲೆದ್ದರೆ 11, ಅಂದರೆ ಶುರುವಿನ ಗಾಡಿ. ಜಾಲರಿ ಅಲ್ಲೇ ಉಳಿದು ಬಾನೆಟ್ ಮಾತ್ರ ಮೊಸಳೆ ಬಾಯಿ ತೆರೆದಂತೆ ಎದ್ದರೆ 12. ಗಾಜಿನ ಮೇಲಂಚು ಮುಂದಕ್ಕೆ ಚಾಚಿ, ಗಾಜು ನೆಲದ ಕಡೆ ಬಾಗಿದ್ದರೆ 13. ಬಿಸಿಲು ಗಾಜಿಗೆ ಬಡಿದು ಹೊಳೆದರೆ ಮೇಲಿರೋ ವಿಮಾನಕ್ಕೆ ಕಾಣುತ್ತದಲ್ವಾ, ಅದಕ್ಕೇ ಹಾಗೆ ಬಾಗಿಸಿದ್ದು. ಜಾಸ್ತಿ ಸಿಗೋದು ಈ 13.

ಮಾದರಿಯ ಹೆಸರು ಓದೋದು ಸುಲಭ. ಸಿ ಅಂದರೆ ಷೆವರ್ಲೆ, ಎಫ್ ಅಂದರೆ ಫೋರ್ಡ್. ಅಂಕಿ ಹೊರೆಯದ್ದು: 15 ಅಂದರೆ ಮುಕ್ಕಾಲು ಟನ್, 60 ಅಂದರೆ ಮೂರು ಟನ್. ಸಿ15ಎ ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಇರೋ ಸಣ್ಣದು, ಎಫ್60ಎಲ್ ಅಂದರೆ ಉದ್ದ ಚಾಸಿಸ್‌ನ ಮೂರು ಟನ್ ಲಾರಿ. ಮಾದರಿಯ ಹೆಸರಿರೋ ಫಲಕ ಕಳೆದುಹೋಗಿದ್ದರೆ ಟೇಪ್ ಹಿಡಿದು ಮುಂದಿನ ಹಬ್‌ನ ಮಧ್ಯದಿಂದ ಹಿಂದಿನ ಹಬ್‌ನ ಮಧ್ಯಕ್ಕೆ ಅಳೆಯಿರಿ. ಸುಮಾರು 101 ಇಂಚು ಬಂದರೆ ಸಣ್ಣ ಗಾಡಿ, 134 ಬಂದರೆ ಮಧ್ಯಮ, 158 ಬಂದರೆ ಉದ್ದದ್ದು. ಇದ್ಯಾವುದಕ್ಕೂ ಹೊಂದದ ಅಳತೆ ಬಂದರೆ ಅಪರೂಪದ ಮಾದರಿ ಇರಬಹುದು, ಇಲ್ಲವೇ ಚಾಸಿಸ್ ಕತ್ತರಿಸಿ ಬೆಸೆದಿರಬಹುದು. ಕೆಳಗೆ ಮಲಗಿ ವೆಲ್ಡಿಂಗ್ ಗೆರೆ ಹುಡುಕಿ.

ಇಂಜಿನ್ ಮೂಲದ್ದಾ ಅನ್ನೋದಕ್ಕೆ ಮೊದಲ ಸುಳಿವು ರೇಡಿಯೇಟರ್ ಹೋಸ್. ಮೇಲೆ ಎರಡು ಹೋಸ್ ಇದ್ದರೆ ಫೋರ್ಡ್‌ನ 239 ಘನ ಇಂಚಿನ ವಿ8, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್. ಒಂದೇ ಇದ್ದರೆ ಬಹುಪಾಲು ಷೆವರ್ಲೆಯ ಆರು ಸಿಲಿಂಡರ್, 216 ಘನ ಇಂಚು. ಪರ್ಕಿನ್ಸ್ ಡೀಸೆಲ್ ಕೂತಿದ್ದರೆ ಆಶ್ಚರ್ಯ ಬೇಡ, ಪೆಟ್ರೋಲ್ ಖರ್ಚು ತಾಳಲಾರದೆ ಬದಲಾಯಿಸಿದವರು ಎಷ್ಟೋ ಜನ. ಷೆವರ್ಲೆ ಬ್ಲಾಕ್ ಮೇಲೆ ಎರಕದ ತಾರೀಖು ಉಬ್ಬಾಗಿ ಇರುತ್ತದೆ. ವೈರ್ ಬ್ರಷ್‌ನಿಂದ ಗ್ರೀಸ್ ಉಜ್ಜಿ, ಟಾರ್ಚ್ ಅಡ್ಡಕ್ಕೆ ಹಿಡಿದು ನೋಡಿ. ‘ಸಿ 12 3’ ಅಂತಿದ್ದರೆ ಸಿ ಅಂದರೆ ಮೂರನೇ ತಿಂಗಳು, 12ನೇ ತಾರೀಖು, ವರ್ಷದ ಕೊನೆ ಅಂಕಿ 3. ಅದು 1943 ಆಗಬಹುದು, 1953 ಕೂಡ ಆಗಬಹುದು. ಹಾಗಾಗಿ ಇದೊಂದನ್ನೇ ನಂಬಿ ದುಡ್ಡು ಕೊಡಬೇಡಿ, ಘನ ಇಂಚನ್ನೂ ತಾಳೆ ನೋಡಿ.

ಕಾಗದದ ವಿಷಯ ಕೊಳ್ಳೋ ಮೊದಲೇ ಮುಗಿಸಿ. 2021ರ ಕೇಂದ್ರದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ, ಸ್ವಂತ ಬಳಕೆಯ ಗಾಡಿಗೆ ‘ವಿಎ’ ಇರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಚಾಸಿಸ್, ಬಾಡಿ, ಇಂಜಿನ್ ಬದಲಾಗಿರಬಾರದು ಅಂತಿದೆ. ಡೀಸೆಲ್ ಹಾಕಿದ ಗಾಡಿ ತಗೊಳ್ಳೋರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಸರಕು ಸಾಗಣೆ ವಾಹನ ಅಂತ ಹಳೇ ಆರ್‌ಸಿ ಇದ್ದರೆ ಮೊದಲು ಆರ್‌ಟಿಒದಲ್ಲಿ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.

ಇನ್ನು ಕೆಲಸ. ಮೊದಲು ಚಕ್ರ, ಯಾಕಂದರೆ ಇಲ್ಲಿ ಜೀವ ಹೋಗಬಹುದು. ಇವುಗಳ ರಿಮ್ ಎರಡು ಹೋಳು, ಬೋಲ್ಟ್ ಹಾಕಿ ಸೇರಿಸಿರೋದು. ಒಳಗಿನ ಸುತ್ತಿನ ನಟ್ ಚಕ್ರವನ್ನು ಹಬ್‌ಗೆ ಹಿಡಿದಿರುತ್ತದೆ. ಹೊರಗಿನ ಸುತ್ತಿನ ನಟ್ ಎರಡು ಹೋಳನ್ನು ಹಿಡಿದಿರುತ್ತದೆ. ಬ್ರಿಟಿಷ್ ಸೇನೆಯಲ್ಲಿ ಈ ಹೊರಗಿನವಕ್ಕೆ ಕೆಂಪು ಬಣ್ಣ ಹಚ್ಚುತ್ತಿದ್ದರು, ಮುಟ್ಟಬೇಡ ಅಂತ. ಈಗ ಆ ಕೆಂಪು ಹತ್ತು ಕೋಟ್ ಬಣ್ಣದ ಕೆಳಗೆ ಮುಚ್ಚಿಹೋಗಿರುತ್ತದೆ. ಗಾಳಿ ಇರುವಾಗ ಅದನ್ನು ಸಡಿಲ ಮಾಡಿದರೆ ರಿಮ್ ಸಿಡಿದು ಎದುರಿಗಿದ್ದವನಿಗೆ ಬಡಿಯುತ್ತದೆ. ಆದ್ದರಿಂದ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ, ತಂತಿ ತೂರಿಸಿ ವಾಲ್ವ್ ಕಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಪಾನಾ ಹಾಕಿ. ಪಂಕ್ಚರ್ ಅಂಗಡಿಯ ಹುಡುಗನಿಗೆ ಸುಮ್ನೆ ಕೊಟ್ಟು ಬರಬೇಡಿ. ಇಂಥ ಚಕ್ರ ಅವನು ಕಂಡಿರೋದಿಲ್ಲ.

ವರ್ಷಗಟ್ಟಲೆ ನಿಂತು ಬಿಗಿದುಕೊಂಡ ಇಂಜಿನ್ನನ್ನು ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡೋ ಉಮೇದು ಬೇಡ. ಪ್ಲಗ್ ಬಿಚ್ಚಿ ಸಿಲಿಂಡರ್‌ಗೆ ಡೀಸೆಲ್ ಜೊತೆ ಸ್ವಲ್ಪ ಆಯಿಲ್ ಬೆರೆಸಿ ಬಿಡಿ, ಕೆಲವು ದಿನ ನೆನೆಯಲಿ, ಆಮೇಲೆ ಕೈಯಿಂದ ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಷೆವರ್ಲೆ ಇಂಜಿನ್‌ಗೆ ಒಂದು ಗುಣ ಇದೆ. ಕನೆಕ್ಟಿಂಗ್ ರಾಡ್ ತುದಿಯಲ್ಲಿ ಸಣ್ಣ ಸೌಟು, ಅದು ಇಂಜಿನ್ ತಳದ ಸಂಪಿನ ತೊಟ್ಟಿಯಿಂದ ಆಯಿಲ್ ಎತ್ತಿಕೊಳ್ಳುತ್ತದೆ. ಅದಕ್ಕೇ ಆಯಿಲ್ ಗೇಜ್ ಯಾವಾಗಲೂ ಕಮ್ಮಿ ತೋರಿಸುತ್ತದೆ, ಗಾಬರಿ ಬೇಡ. ಬೇರಿಂಗ್ ವೈಟ್ ಮೆಟಲ್ ಅನ್ನೋ ಮೆತ್ತನೆ ಲೋಹದ ಎರಕದ್ದು. ಸವೆದಿದ್ದರೆ ಮತ್ತೆ ಎರಕ ಹೊಯ್ದು ಲೇತ್‌ನಲ್ಲಿ ಕೊರೆಯೋ ಹಳೇ ಕೈ ಬೇಕು. ಫೋರ್ಡ್ ವಿ8ನದ್ದು ಬೇರೆ ಕಥೆ, ಅದು ವಿಪರೀತ ಬಿಸಿಯಾಗುತ್ತದೆ. ವಾಲ್ವ್ ಸೀಟಿನಿಂದ ಸಿಲಿಂಡರ್ ಕಡೆಗೆ ಬ್ಲಾಕ್ ಬಿರುಕು ಬಿಡೋದು ಮಾಮೂಲು. ಪಿಸ್ಟನ್, ರಿಂಗ್‌ಗೆ ದುಡ್ಡು ಸುರಿಯೋ ಮೊದಲು ಬ್ಲಾಕ್ ತೊಳೆಸಿ ಕ್ರ್ಯಾಕ್ ಟೆಸ್ಟ್ ಮಾಡಿಸಿ.

ಬ್ರೇಕ್ ಸಿಲಿಂಡರ್‌ಗಳಿಗೆ ಒಳಗೆ ಹೊಸ ಕೊಳವೆ (ಸ್ಲೀವ್) ಹಾಕಿಸಿ, ಪೈಪೆಲ್ಲ ಹೊಸದು ಮಾಡಿ. ಈಗ ಬಂಕ್‌ನಲ್ಲಿ ಸಿಗೋದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್, ಅದು ಹಳೇ ರಬ್ಬರನ್ನೂ ಪಂಪಿನ ಡಯಾಫ್ರಮನ್ನೂ ತಿನ್ನುತ್ತದೆ, ಆ ಭಾಗಗಳೂ ಹೊಸದಾಗಲಿ. ಕರೆಂಟ್ 6 ವೋಲ್ಟ್. ವೋಲ್ಟ್ ಅರ್ಧ ಆದಾಗ ಆಂಪ್ಸ್ ದುಪ್ಪಟ್ಟು, ಹಾಗಾಗಿ ಕಾರಿನ ತೆಳು ಬ್ಯಾಟರಿ ಕೇಬಲ್ ಹಾಕಿದರೆ ಸ್ಟಾರ್ಟರ್ ಗೊಣಗಿ ಸುಮ್ಮನಾಗುತ್ತದೆ. ಎಷ್ಟೋ ಜನ ಸ್ಟಾರ್ಟರ್ ಮೇಲೆ ತಪ್ಪು ಹೊರಿಸಿ 12 ವೋಲ್ಟ್‌ಗೆ ಬದಲಾಯಿಸೋದು ಇದೇ ಕಾರಣಕ್ಕೆ. ದಪ್ಪ ಕೇಬಲ್, ತುಕ್ಕು ಉಜ್ಜಿ ತೆಗೆದ ಅರ್ಥ್ ಜೋಡಣೆ, ಅಷ್ಟೇ ಬೇಕಾಗಿದ್ದು.

ಬಣ್ಣ ಕೊನೆಗೆ ಬಳಿಯಿರಿ, ಆದರೆ ಅದರ ತನಿಖೆ ಶುರುವಿನಲ್ಲೇ ಆಗಬೇಕು. ಸ್ಯಾಂಡ್ ಬ್ಲಾಸ್ಟಿಂಗ್‌ಗೆ ಕಳಿಸಿದರೆ ಎಲ್ಲ ಹೋಯಿತು. ಬಿಸಿಲು ಬೀಳದ ಜಾಗ ಹುಡುಕಿ: ಡ್ಯಾಶ್‌ಬೋರ್ಡ್ ಹಿಂದೆ, ಬಾಗಿಲ ಕೀಲಿನ ಒಳಗೆ, ಟೂಲ್ ಬಾಕ್ಸ್ ತಳ. ಅಲ್ಲಿ ಸಣ್ಣ ವಾಟರ್ ಪೇಪರ್ ನೀರಲ್ಲಿ ಅದ್ದಿ ರೂಪಾಯಿ ಅಗಲ ಜಾಗವನ್ನು ಗುಂಡಗೆ ಉಜ್ಜುತ್ತಾ ಬನ್ನಿ. ಸುತ್ತ ಒಂದೊಂದು ಬಣ್ಣ ಒಂದೊಂದು ಬಳೆಯಾಗಿ ಕಾಣುತ್ತದೆ. ಹೊರಗೆ ಮಾಲೀಕರ ನೀಲಿಯೋ ಹಳದಿಯೋ, ಅದರೊಳಗೆ ಸೇನೆಯ ಹಸಿರು, ಇನ್ನೂ ಒಳಗೆ ಯುದ್ಧದ ಬಣ್ಣ. ಯುದ್ಧದ ಮಧ್ಯದಲ್ಲಿ ಬ್ರಿಟಿಷ್ ಸೇನೆಯ ಗಾಡಿಗಳಿಗೆ ಕಂದು ಬಣ್ಣ ಇತ್ತು, 1944ರಿಂದ ಆಲಿವ್ ಡ್ರ್ಯಾಬ್, ಅಂದರೆ ಮಂಕು ಹಸಿರುಗಂದು ಬಂತು, ಭಾರತ ಬರ್ಮಾ ಕಡೆ ಗಾಢ ಜಂಗಲ್ ಗ್ರೀನ್. ಪ್ರೈಮರ್‌ಗೆ ತಾಗಿರೋ ಬಳೆಯನ್ನು ಹಗಲು ಬೆಳಕಲ್ಲಿ ಫೋಟೋ ತೆಗೆದು, ಅದಕ್ಕೇ ಬಣ್ಣ ಕೂಡಿಸಿ. ಅಂಗಡಿಯ ‘ಮಿಲಿಟರಿ ಗ್ರೀನ್’ ಡಬ್ಬ ಬೇಡ.

ಬಾನೆಟ್ ಪಕ್ಕದಲ್ಲೂ ಹೀಗೇ ನಿಧಾನಕ್ಕೆ ಉಜ್ಜಿ. ಬ್ರಿಟಿಷ್ ಪದ್ಧತಿಯಲ್ಲಿ ಲಾರಿಗೆ ಎಲ್, ಸಣ್ಣ ಟ್ರಕ್‌ಗೆ ಝಡ್, ಫಿರಂಗಿ ಎಳೆಯೋ ಗಾಡಿಗೆ ಎಚ್ ಅಂತ ಅಕ್ಷರ, ಅದರ ಮುಂದೆ ನಂಬರ್. ಒಂದೆರಡು ಅಂಕಿ ಸಿಕ್ಕರೂ ಟ್ರೇಸಿಂಗ್ ಪೇಪರ್ ಮೇಲೆ ತೆಗೆದಿಟ್ಟುಕೊಳ್ಳಿ. ಸೇನೆಯ ಲಾಂಛನಗಳಲ್ಲಿ 17ನೇ ಭಾರತೀಯ ಡಿವಿಷನ್ನಿನ ಕಪ್ಪು ಬೆಕ್ಕು, 4ನೇದರ ಕೆಂಪು ಹದ್ದು ಚೆನ್ನಾಗಿ ಕಾಣುತ್ತವೆ ಅಂತ ಎಲ್ಲರೂ ಅದನ್ನೇ ಬರೆಸುತ್ತಾರೆ. ನಿಮ್ಮ ತಗಡಿನಲ್ಲಿ ಏನೂ ಸಿಗದಿದ್ದರೆ ಬಾಗಿಲು, ಬಾನೆಟ್ ಎರಡನ್ನೂ ಖಾಲಿ ಬಿಡಿ.