ಪ್ರಾಸ್ಟೇಟ್ ರೇಡಿಯೋಥೆರಪಿಗೆ ಎಂಆರ್‌ಐ: ಸಿಟಿ ಜೊತೆ ಕೂರಿಸುವಾಗ ತಪ್ಪುವ 2 ಮಿ.ಮೀ.

ಪ್ರಾಸ್ಟೇಟ್ ಗ್ರಂಥಿಯ ಕೆಳತುದಿ ಎಲ್ಲಿ ಮುಗಿಯಿತು ಎಂದು ಸಿಟಿ ನೋಡಿ ಹೇಳುವುದು ಕಷ್ಟ. ಗ್ರಂಥಿ, ಅದರಡಿಯ ಸ್ನಾಯು, ಪಕ್ಕದ ರಕ್ತನಾಳಗಳ ಗೊಂಚಲು, ಎಲ್ಲವೂ ಒಂದೇ ಬೂದು. ಅದನ್ನೇ ನಂಬಿ ವಿಕಿರಣ ಕೊಡಬೇಕಾದ ಜಾಗದ ಸುತ್ತ ಗೆರೆ ಎಳೆದರೆ ಎಂಆರ್‌ಐನಲ್ಲಿ ಕಾಣುವುದಕ್ಕಿಂತ ಸುಮಾರು ಶೇ. 30ರಷ್ಟು ದೊಡ್ಡ ಗ್ರಂಥಿ ಸಿಗುತ್ತದೆ. ಆದರೆ ಡೋಸ್ ಲೆಕ್ಕಕ್ಕೆ ಬೇಕಾದ ಎಲೆಕ್ಟ್ರಾನ್ ಸಾಂದ್ರತೆ (ಅಂಗಾಂಶ ವಿಕಿರಣವನ್ನು ಎಷ್ಟು ತಡೆಯುತ್ತದೆ ಎಂದು ತಿಳಿಸುವ ಅಳತೆ) ಸಿಟಿಯಲ್ಲಿದೆ. ಎಂಆರ್‌ಐ ಚಿತ್ರದ ಹೊಳಪಿಗೂ ಸಾಂದ್ರತೆಗೂ ನೇರ ನಂಟಿಲ್ಲ. ಹಾಗಾಗಿ ಎರಡನ್ನೂ ತೆಗೆದು ಒಂದರ ಮೇಲೊಂದು ಕೂರಿಸುತ್ತೇವೆ. ಕೆಲಸ ಕೆಡುವುದೂ ಹಾಗೆ ಕೂರಿಸುವಲ್ಲೇ, 2 ಮಿ.ಮೀ. ಆಚೀಚೆ ಕೂತರೂ ತಪ್ಪೇ.

ರೋಗಪತ್ತೆಗೆ ತೆಗೆಸಿದ ಎಂಆರ್‌ಐ ಇದೆಯಲ್ಲ, ಅದೇ ಸಾಲದೇ ಎಂಬ ಮಾತು ಪ್ರತಿ ಸಲ ಬರುತ್ತದೆ. ಸಾಲದು. ಅದರಲ್ಲಿ ರೋಗಿ ತಗ್ಗಾದ ಮೆತ್ತೆಯ ಮೇಲೆ ಮಲಗಿರುತ್ತಾರೆ, ಸ್ಲೈಸ್‌ಗಳ (ಚಿತ್ರದ ಪದರಗಳ) ನಡುವೆ ಅಂತರ ಬಿಟ್ಟಿರಬಹುದು, ಆಮೇಲೆ ಹಾರ್ಮೋನ್ ಚಿಕಿತ್ಸೆ ಶುರುವಾಗಿ ಗ್ರಂಥಿಯೇ ಕುಗ್ಗಿರುತ್ತದೆ. ಗಡ್ಡೆ ಯಾವ ಬದಿಗಿದೆ ಎಂದು ತಿಳಿಯಲಷ್ಟೇ ಅದನ್ನು ತೆರೆಯುತ್ತೇನೆ.

ಗ್ರಂಥಿಯೊಳಗೆ ಗುರುತಿಗೆಂದು 3 ಪುಟ್ಟ ಚಿನ್ನದ ಬೀಜಗಳನ್ನು ಇಟ್ಟು, ಊತ ಇಳಿಯಲು ವಾರ ಬಿಟ್ಟು, ಒಂದೇ ದಿನ ಬೆನ್ನುಬೆನ್ನಿಗೆ ಸಿಟಿ, ಎಂಆರ್‌ಐ ತೆಗೆಯುತ್ತೇವೆ. ಎರಡಕ್ಕೂ ಚಪ್ಪಟೆ ಹಲಗೆ, ಅದೇ ಮೊಣಕಾಲಿನ ಆಸರೆ. ಸಿಟಿ ಕೋಣೆಯ ಕಾರ್ಬನ್ ಫೈಬರ್ ಹಲಗೆಯನ್ನು ಮಾತ್ರ ಎಂಆರ್‌ಐಗೆ ಒಯ್ಯಬಾರದು. ಅದು ವಿದ್ಯುತ್ ಹರಿಯಬಿಡುವ ವಸ್ತು, ಬಿಸಿಯಾಗುತ್ತದೆ, ಸಿಗ್ನಲ್ಲನ್ನೂ ಕೆಡಿಸುತ್ತದೆ. ಮೇಲಿನ ಕಾಯಿಲ್ (ಸಿಗ್ನಲ್ ಹಿಡಿಯುವ ಆಂಟೆನಾ) ಹೊಟ್ಟೆಯನ್ನು ಒತ್ತದಂತೆ ಕಮಾನಿನ ಮೇಲೆ ನಿಲ್ಲಿಸಬೇಕು.

ಗುದನಾಳ ಖಾಲಿಯಿರಬೇಕು, ಮೂತ್ರಕೋಶ ಎರಡರಲ್ಲೂ ಒಂದೇ ಮಟ್ಟಕ್ಕೆ ತುಂಬಿರಬೇಕು. ಎಂಆರ್‌ಐ ನಡೆಯುತ್ತಿರುವಾಗಲೂ ಮೂತ್ರಕೋಶ ತುಂಬುತ್ತಲೇ ಇರುತ್ತದೆ. ಆದ್ದರಿಂದ ಗೆರೆ ಎಳೆಯುವ ಟಿ2 ಸರಣಿಯೇ (ಗ್ರಂಥಿಯ ಅಂಚು ಚೆನ್ನಾಗಿ ಕಾಣುವ ಎಂಆರ್‌ಐ ಚಿತ್ರಗಳು) ಮೊದಲು. ಅಂಗಾಂಶದಲ್ಲಿ ನೀರಿನ ಕಣಗಳ ಓಡಾಟ ತೋರಿಸುವ ಡಿಫ್ಯೂಷನ್ ಸರಣಿ, ಬೇಕಿದ್ದರೆ ಕೊನೆಗೆ. ಗುದನಾಳದಲ್ಲಿ ಗಾಳಿಯಿದ್ದರೆ ಡಿಫ್ಯೂಷನ್ ಚಿತ್ರ ಎಳೆದ ರಬ್ಬರಿನಂತಾಗುತ್ತದೆ, ಅದರ ಮೇಲೆ ಗೆರೆ ಎಳೆಯುವ ಮಾತೇ ಇಲ್ಲ.

ಟಿ2ಗೆ ಸ್ಲೈಸ್ ದಪ್ಪ 2ರಿಂದ 3 ಮಿ.ಮೀ., ಅಂತರ ಸೊನ್ನೆ. ಗ್ರಂಥಿ ಮತ್ತು ವೀರ್ಯಕೋಶಗಳು ಪೂರ್ತಿ ಬರಬೇಕು, ಗ್ರಂಥಿ ಯಂತ್ರದ ನಡುಮಧ್ಯಕ್ಕೇ ಇರಬೇಕು. ಅಂಚಿನತ್ತ ಹೋದಷ್ಟೂ ಚಿತ್ರ ಹೆಚ್ಚು ಸೊಟ್ಟಗಾಗುತ್ತದೆ. ಆ ಸೊಟ್ಟವನ್ನು ತಿದ್ದುವ ಡಿಸ್ಟಾರ್ಷನ್ ಕರೆಕ್ಷನ್ 3ಡಿಯಲ್ಲಿದೆಯೇ ನೋಡಿ. 2ಡಿಯಲ್ಲಿದ್ದರೆ ಸ್ಲೈಸ್‌ನ ಸ್ಥಾನ ಸರಿಹೋಗುವುದಿಲ್ಲ. ಇನ್ನು ಬ್ಯಾಂಡ್‌ವಿಡ್ತ್, ಅಂದರೆ ಒಂದೊಂದು ಪಿಕ್ಸೆಲ್‌ಗೆ ಮೀಸಲಿಡುವ ಆವರ್ತನದ ಅಗಲ. ಅಯಸ್ಕಾಂತದ ಬಲ 1.5 ಟೆಸ್ಲಾ ಇರುವ ಯಂತ್ರದಲ್ಲಿ ಕೊಬ್ಬು ಮತ್ತು ನೀರಿನ ಆವರ್ತನಗಳ ನಡುವೆ ಸುಮಾರು 220 ಹರ್ಟ್ಸ್ ವ್ಯತ್ಯಾಸ. ಪಿಕ್ಸೆಲ್‌ಗೆ 110 ಹರ್ಟ್ಸ್ ಇಟ್ಟರೆ ಕೊಬ್ಬು 2 ಪಿಕ್ಸೆಲ್ ಸರಿದು ಕೂರುತ್ತದೆ, 440 ಇಟ್ಟರೆ ಅರ್ಧ ಪಿಕ್ಸೆಲ್. ಚಿತ್ರ ತುಸು ಮರಳುಮರಳಾಗುತ್ತದೆ, ಆಗಲಿ. 3 ಟೆಸ್ಲಾದಲ್ಲಿ ಸರಿಯುವುದು ಇದರ ಎರಡರಷ್ಟು.

ಟಿ2ನಲ್ಲಿ ಚಿನ್ನದ ಬೀಜ ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕೆಂದೇ ಗ್ರೇಡಿಯಂಟ್ ಎಕೋ ಎಂಬ ಇನ್ನೊಂದು ಎಂಆರ್‌ಐ ಸರಣಿ. ಅದರಲ್ಲಿ ಬೀಜವಿದ್ದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ, ಬೀಜಕ್ಕಿಂತ ದೊಡ್ಡದಾಗಿ. ಅಂಚನ್ನಲ್ಲ, ಚುಕ್ಕೆಯ ನಡುವನ್ನು ಹಿಡಿಯಬೇಕು. ಹೆಚ್ಚಿನವರು ಗಮನಿಸದ ಸಂಗತಿ ಇಲ್ಲಿದೆ: ಸಿಟಿಗೆ ಹೊಂದಿಸುವುದು ಗ್ರೇಡಿಯಂಟ್ ಎಕೋವನ್ನು, ಗೆರೆ ಎಳೆಯುವುದು ಟಿ2 ಮೇಲೆ. ಇವೆರಡರ ನಡುವೆ ಗ್ರಂಥಿ ಕದಲಿಲ್ಲ ಎಂದು ಸಾಫ್ಟ್‌ವೇರ್ ಸುಮ್ಮನೆ ನಂಬುತ್ತದೆ. ನಡುವೆ ಗುದನಾಳಕ್ಕೆ ಒಂದಿಷ್ಟು ಗಾಳಿ ಬಂದರೂ ಗ್ರಂಥಿ ಮುಂದಕ್ಕೆ ಜರುಗಿರುತ್ತದೆ. ಹಾಗಾಗಿ ಟಿ2 ಮುಗಿದ ಕೂಡಲೇ, ಅದೇ ಸ್ಲೈಸ್ ಸ್ಥಾನಗಳಲ್ಲಿ ಗ್ರೇಡಿಯಂಟ್ ಎಕೋ. ಆಮೇಲೆ ಎರಡರಲ್ಲೂ ಗುದನಾಳದ ಮುಂಗೋಡೆ ಒಂದೇ ಕಡೆ ಇದೆಯೇ ಎಂದು ತಾಳೆ ನೋಡುತ್ತೇನೆ.

ಈ 2 ಮಿ.ಮೀ.ಗೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆಂದರೆ, ಪ್ರತಿದಿನ ವಿಕಿರಣ ಕೊಡುವ ಯಂತ್ರದಲ್ಲಿ ರೋಗಿಯನ್ನು ಬೀಜಗಳಿಗೇ ಹೊಂದಿಸುತ್ತಾರೆ. ಬೀಜಕ್ಕೂ ಗೆರೆಗೂ ನಡುವೆಯೇ ತಪ್ಪಿದ್ದರೆ ಆ ಹೊಂದಾಣಿಕೆ ಅದನ್ನು ಹಿಡಿಯಲಾರದು. 60 ಗ್ರೇಯನ್ನು (ಗ್ರೇ ಎಂದರೆ ವಿಕಿರಣ ಡೋಸ್‌ನ ಅಳತೆ) 20 ಕಂತಿನಲ್ಲಿ ಕೊಟ್ಟರೆ 20 ಕಂತೂ ಅದೇ ದಿಕ್ಕಿಗೆ ತಪ್ಪುತ್ತದೆ.

ಹೊಂದಿಸುವಾಗ ಮೊದಲು ಸೊಂಟದ ಮೂಳೆ, ಅದು ಹತ್ತಿರಕ್ಕೆ ತರಲಷ್ಟೇ. ನಂತರ ಗ್ರಂಥಿಯ ಸುತ್ತ ಚೌಕ ಹಾಕಿ ಬೀಜಗಳಿಗೆ ಹೊಂದಿಸಬೇಕು, ತಿರುವುಗಳನ್ನೂ ಸೇರಿಸಿ. ಚಿತ್ರವನ್ನೇ ಎಳೆದು ಬಗ್ಗಿಸಿ ಹೊಂದಿಸುವ ಡಿಫಾರ್ಮಬಲ್ ವಿಧಾನವನ್ನು ಇಲ್ಲಿ ಮುಟ್ಟುವುದಿಲ್ಲ. ಸಿಟಿಯಲ್ಲಿ ಅಂಚೇ ಇಲ್ಲದ ಕಡೆ ಅದು ತನ್ನಿಷ್ಟದಂತೆ ಗ್ರಂಥಿಯನ್ನು ಹಿಗ್ಗಿಸುತ್ತದೆ.

ಎರಡು ಬೀಜ ಕೂತು ಮೂರನೆಯದು ಕೂರದಿದ್ದರೆ ಸರಾಸರಿ ತೆಗೆದು ಮುಂದೆ ಹೋಗಬಾರದು. ಸುಣ್ಣ ಕಟ್ಟಿದ ಜಾಗವೂ ಗ್ರೇಡಿಯಂಟ್ ಎಕೋದಲ್ಲಿ ಕಪ್ಪಾಗಿಯೇ ಕಾಣುತ್ತದೆ, ಅದನ್ನೇ ಬೀಜವೆಂದು ಹಿಡಿದಿರಬಹುದು. ಸಿಟಿಯಲ್ಲಿ ನೋಡಿ: ಚಿನ್ನದಿಂದ ಬಿಳಿ ಗೀರುಗಳು ಸಿಡಿಯುತ್ತವೆ, ಸುಣ್ಣದಿಂದ ಸಾಮಾನ್ಯವಾಗಿ ಇಲ್ಲ. ಅದೂ ಅಲ್ಲವೆಂದಾದರೆ ಎರಡು ಸ್ಕ್ಯಾನ್‌ಗಳ ನಡುವೆ ಗ್ರಂಥಿಯೇ ಬಾಗಿದೆ. ಗಾಳಿ ಹೊರಹಾಕಿಸಿ ಟಿ2, ಗ್ರೇಡಿಯಂಟ್ ಎಕೋ ಎರಡನ್ನೂ ಮತ್ತೆ ತೆಗೆಯುತ್ತೇವೆ.