ಅಂಚೆ ಇಲಾಖೆ ನಡೆಸುವ ಅಧಿಕಾರಿ ಆಗಬೇಕಾ?

ಮಂಡ್ಯ ಪಕ್ಕದ ಹಳ್ಳಿಯಲ್ಲಿ ಮೂವತ್ತು ವರ್ಷ ಟಪಾಲು ಹಂಚಿದವನು ನಾನು. ‘ಮಾವ, ಅಂಚೆಯಲ್ಲಿ ದೊಡ್ಡ ಅಧಿಕಾರಿ ಆಗೋದು ಹೇಗೆ?’ ಅಂತ ಅಕ್ಕನ ಮಗಳು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಡಿಗ್ರಿ ಮುಗಿಸಿ. 21 ತುಂಬಿದ ಮೇಲೆ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪರೀಕ್ಷೆ ಕಟ್ಟಿ. ಮೇನ್ಸ್, ಅಂದ್ರೆ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಯಾವ ಸೇವೆ ಮೊದಲು ಬೇಕು, ಯಾವುದು ಆಮೇಲೆ ಅನ್ನೋ ಪಟ್ಟಿ ತುಂಬುವಾಗ ಭಾರತೀಯ ಅಂಚೆ ಸೇವೆಯನ್ನು ಸುಮ್ನೆ ಕೊನೆಗೆ ತಳ್ಳಬೇಡಿ. ತರಬೇತಿ ಗಾಜಿಯಾಬಾದ್‌ನ ಅಂಚೆ ಅಕಾಡೆಮಿಯಲ್ಲಿ.

ಅದಕ್ಕೂ ಮೊದಲು ಒಂದು ವಾರ ಹಳ್ಳಿ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ನೋಡಿ. ಇದು ಪುಸ್ತಕಕ್ಕಿಂತ ಜಾಸ್ತಿ ಮುಖ್ಯ. ಬೆಳಿಗ್ಗೆ ಮುದ್ರೆಯ ತಾರೀಖು ಬದಲಿಸುತ್ತಾರೆ. ಪೆನ್ಷನ್ ಅಜ್ಜಿಯ ಸವೆದ ಹೆಬ್ಬೆಟ್ಟನ್ನು ಮಷೀನು ಹಿಡಿಯುವುದಿಲ್ಲ. ಒರೆಸಿ, ಮತ್ತೆ ಒತ್ತಿಸುತ್ತಾರೆ. ಅಷ್ಟೊತ್ತು ಆಕೆ ನಿಂತೇ ಇರುತ್ತಾರೆ, ಅಲ್ವಾ? ಅವರಿಗೊಂದು ಕುರ್ಚಿ ಹಾಕಿಸುವ ಅಧಿಕಾರಿ ನಮಗೆ ಬೇಕು.